ದೊಡ್ಡತ್ತೆಗೆ ಇಲ್ಲದ ಬಚ್ಚಲು

ಹುಣಸೆಹಣ್ಣು ತಾಮ್ರಕ್ಕೆ ತಾಗಿದರೆ ಒಂದು ವಾಸನೆ ಏಳುತ್ತದೆ. ಕೈಗೆ ಹತ್ತಿದರೆ ಊಟದ ಹೊತ್ತಾದರೂ ಬಿಡುವುದಿಲ್ಲ. ಮೊನ್ನೆ ಹಿತ್ತಿಲಲ್ಲಿ ಕೂತು ಮನೆಯ ದೊಡ್ಡ ಹಂಡೆ ತಿಕ್ಕುತ್ತಿದ್ದೆ. ಇಷ್ಟು ವರ್ಷ ಅದು ಹಾಲ್‌ನ ಮೂಲೆಯಲ್ಲಿ ಅಲಂಕಾರಕ್ಕೆ ನಿಂತಿತ್ತು, ಮೈತುಂಬ ವಾರ್ನಿಷ್ ಬಳಿಸಿಕೊಂಡು. ಈಗ ಆ ಮೂಲೆ ಬೇಕಾಗಿದೆಯಂತೆ. ಯಾಕೆ ಬೇಕಾಗಿದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಈಗಲೇ ಶುರು ಮಾಡಿದರೆ ಸಿಟ್ಟಿನಲ್ಲಿ ಉಳಿದ ಮಾತೆಲ್ಲ ಮರೆತುಹೋದೀತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ದೊಡ್ಡತ್ತೆ ಪಕ್ಕದಲ್ಲಿ ಬಂದು ಕೂತ ಹಾಗಾಯಿತು...

ದೊಡ್ಡತ್ತೆ ಅಂದರೆ ನನ್ನ ಮಾವನ ಅಕ್ಕ. ಗಂಡ ತೀರಿಕೊಂಡ ಮೇಲೆ ಚಿಕ್ಕ ವಯಸ್ಸಿಗೇ ತವರಿಗೆ ಬಂದವರು. ನಾನು ಸೊಸೆಯಾಗಿ ಬರುವಷ್ಟರಲ್ಲಿ ನನ್ನ ಅತ್ತೆ ಇರಲಿಲ್ಲ. ಮನೆ ನಡೆಸುತ್ತಿದ್ದವರು ಇವರೇ. ಹಿತ್ತಿಲ ಬಚ್ಚಲು ಅವರ ರಾಜ್ಯ. ತೋಟದಲ್ಲಿ ಸವರಿ ಹಾಕಿದ ಕಾಫಿ ರೆಂಬೆಗಳನ್ನು ಒಣಗಿಸಿಟ್ಟುಕೊಂಡು, ಬೆಳಕು ಹರಿಯುವ ಮೊದಲೇ ಬಚ್ಚಲೊಲೆ ಹಚ್ಚುತ್ತಿದ್ದರು. ಹಂಡೆಯಲ್ಲಿ ನೀರು ಕಾಯದ ಹೊತ್ತೇ ಇರಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಊಟಕ್ಕೆ ಮೊದಲು ಸ್ನಾನ ಕೇಳುವುದು ರೂಢಿ. ದೊಡ್ಡತ್ತೆ ಕೇಳುತ್ತಿರಲಿಲ್ಲ, ಅಪ್ಪಣೆ ಮಾಡುತ್ತಿದ್ದರು: "ನೀರು ಕಾದಿದೆ. ಸ್ನಾನ ಮಾಡ್ಕಂಡು ಬನ್ನಿ, ಆಮೇಲೆ ಮಾತು." ವಿಮೆ ಮಾಡಿಸಿ ಅಂತ ಬಂದವನೊಬ್ಬ ಹೀಗೆ ಸ್ನಾನ ಮಾಡಿ, ಕಡುಬು ತಿಂದು, ವಿಮೆಯ ವಿಚಾರವನ್ನೇ ಮರೆತು ಹೋಗಿದ್ದ.

ಅಂಥ ಮನೆಗೆ ರಿನೋವೇಶನ್ ಎಂಬ ಗ್ರಹಚಾರ ವಕ್ಕರಿಸಿತು. ಗೋಣಿಬೀಡಿನ ಕಡೆಯ ಒಬ್ಬ ಪ್ಲಾಂಟರ್ ಮನೆಯನ್ನು ಹೊಸದು ಮಾಡಿಸಿ ಎಲ್ಲರನ್ನೂ ಊಟಕ್ಕೆ ಕರೆದಿದ್ದರು. ಅಲ್ಲಿಗೆ ಹೋಗಿ ಬಂದ ಮಾವ ಶರ್ಟು ಬಿಚ್ಚುವ ಮೊದಲೇ ಶುರು ಮಾಡಿದರು: "ಅದು ಮನೆ! ನಮ್ದು ಎಂಥ? ಪಾರ್ಚ್‌ಮೆಂಟ್ ಕಾಫಿ ಮೂಟೆ ತುಂಬೋ ಗೋಡೌನು." ಮಾರನೇ ದಿನದಿಂದಲೇ ಇಂಟೀರಿಯರ್ ಡಿಸೈನರ್ ಹುಡುಕಾಟ.

ಮೊದಲು ಬಂದವಳು ಚಿಕ್ಕಮಗಳೂರಿನ ಒಬ್ಬ ಹುಡುಗಿ. ಬೇಸಿಗೆ, ರಸ್ತೆ ಅಗೆದು ಹಾಕಿದ್ದರು. ಸ್ಕೂಟರಿನಲ್ಲಿ ಬಂದವಳ ಹುಬ್ಬಿನ ಮೇಲೂ ಕೆಂಪು ಧೂಳು. ದೊಡ್ಡತ್ತೆಯ ಅಪ್ಪಣೆ ಆಯಿತು. ಹುಡುಗಿ ಒಮ್ಮೆ ನಕ್ಕಳು, ಟವೆಲ್ ಇಸಿದುಕೊಂಡಳು, ನಿಜಕ್ಕೂ ಹೋಗಿ ಸ್ನಾನ ಮಾಡಿ ಬಂದಳು! ದೊಡ್ಡತ್ತೆ ಮಂಡಿ ಹಿಡಿದುಕೊಂಡು ಬಚ್ಚಲಿನ ಮೆಟ್ಟಿಲು ಇಳಿಯುವುದನ್ನು ಅವಳು ಅಲ್ಲೇ ನೋಡಿದ್ದಿರಬೇಕು. ವಾರ ಕಳೆದು ಅವಳು ತಂದ ಪ್ಲಾನಿನಲ್ಲಿ ಹಾಲ್‌ನ ಒಂದು ಮೂಲೆ ಕಡಿಮೆಯಾಗಿತ್ತು. ಆ ಮೂಲೆಯಲ್ಲಿ, ದೊಡ್ಡತ್ತೆಯ ಕೋಣೆಗೆ ಅಂಟಿಕೊಂಡು, ಮಧ್ಯೆ ಒಂದು ಹೊಸ್ತಿಲೂ ಇಲ್ಲದ ಬಚ್ಚಲು.

"ಹಾಲ್ ಪಕ್ಕ ಬಚ್ಚಲಾ!" ಮಾವ ಕಾಗದವನ್ನು ಟೀಪಾಯಿ ಮೇಲೆ ಎಸೆದರು. "ಬಂದವ್ರು ಸೋಫಾದಲ್ಲಿ ಕೂತು ನೀರು ಹುಯ್ಕಳ ಸದ್ದು ಕೇಳ್ಬೇಕಾ?" ಅವಳು ಹೋದ ಮೇಲೆ ಇನ್ನೊಂದು ತಪ್ಪನ್ನೂ ಹುಡುಕಿದರು. ಮನೆ ಅಳೆಯಲು ಬಂದವಳು ಸ್ನಾನ ಮಾಡಿಕೊಂಡು ಹೋದಳಂತೆ, ಸಂಕೋಚವೇ ಇಲ್ಲವಂತೆ, ಇಂಥವಳಿಗೆ ಕೆಲಸ ಹೇಗೆ ಕೊಡುವುದಂತೆ. ಕೇಳಿ ಮೈಯೆಲ್ಲ ಉರಿಯಿತು. ನಮ್ಮ ಮನೆಯ ಮಾತಿಗೆ ಮರ್ಯಾದೆ ಕೊಟ್ಟದ್ದೇ ಅವಳ ತಪ್ಪಾಯಿತು!

ಆಯ್ಕೆಯಾದವನು ಬೆಂಗಳೂರಿನವನು. ಅವನ ಅರ್ಹತೆ ಒಂದೇ, ಗೋಣಿಬೀಡಿನ ಆ ಮನೆ ಮಾಡಿದವನು. ದೊಡ್ಡತ್ತೆ ಸ್ನಾನಕ್ಕೆ ಕರೆದರೆ ಆತ ಹಿಂದೆ ಸರಿದು, "ನೋ ನೋ, ಥ್ಯಾಂಕ್ಸ್ ಅಜ್ಜಿ" ಅಂದ. ಸೋಫಾದಿಂದ ಏಳದೆಯೇ ಲ್ಯಾಪ್‌ಟಾಪಿನಲ್ಲಿ ನಮ್ಮ ಮನೆಯನ್ನು ಕೆಡವಿ ಕಟ್ಟಿದ. ಎರಡಂತಸ್ತಿನ ಎತ್ತರಕ್ಕೆ ಹಾಲ್, ಹಿಂದಿನ ಗೋಡೆಯಷ್ಟಕ್ಕೂ ಗಾಜು, ಅದರಲ್ಲಿ ದೂರದ ದೇವರಮನೆ ಊರಿನ ಗುಡ್ಡಗಳು ಕಾಣಬೇಕು. ಗುಡ್ಡಕ್ಕೆ ಅಡ್ಡ ಬರುವ ಹಿತ್ತಿಲ ಬಚ್ಚಲು ನೆಲಸಮ. ದೊಡ್ಡತ್ತೆಯ ಕೋಣೆಯೊಂದನ್ನು ಬಿಟ್ಟು ಮಲಗುವ ಕೋಣೆಗಳು, ಸ್ನಾನದ ಮನೆಗಳು ಎಲ್ಲ ಮಹಡಿಯ ಮೇಲೆ. ಕೆಳಗೆ, ಮೆಟ್ಟಿಲಿನಡಿಯಲ್ಲಿ, ಬಂದವರಿಗೆ ಅಂತ ಒಂದು ಪುಟ್ಟ ಕಕ್ಕಸು, ಒಳಗೆ ಕೈ ತೊಳೆಯಲು ಗಾಜಿನ ಬೋಗುಣಿ. ಅಲ್ಲಿ ಮೈಮೇಲೆ ಒಂದು ಚೊಂಬು ನೀರು ಹುಯ್ದುಕೊಳ್ಳಲೂ ಜಾಗವಿರಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಎಲ್ಲರೆದುರೇ ಕೇಳಿದೆ: "ಮಾವ, ದೊಡ್ಡತ್ತೆಗೆ ಮೆಟ್ಟಿಲು ಹತ್ತಕಾಗಲ್ಲ. ಸ್ನಾನ ಎಲ್ಲಿ ಮಾಡ್ತಾರೆ?" ಮಾವ ಗಂಡನ ಮುಖ ನೋಡಿದರು. ನನ್ನ ಗಂಡನೋ, ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಪಳಗಿದ ಆಸಾಮಿ. "ಮೊದ್ಲು ಮನೆ ಆಗ್ಲಿ ಬಿಡೆ, ಆಮೇಲೆ ನೋಡಣ" ಅಂದ. ಒಳಗೆ ಬಂದರೆ ದೊಡ್ಡತ್ತೆ ನನ್ನನ್ನೇ ಗದರಿದರು. "ನನ್ ಸುದ್ದಿ ತಗಂಡು ಎಂಥಕ್ಕೆ ಜಗಳ ಆಡ್ತೀಯ ಮಾರಾಯ್ತಿ? ಅವ್ನಿಗೆ ಆಸೆ, ಕಟ್ಟಿಸ್ಲಿ. ನಾನು ಎಲ್ಲಾದ್ರೂ ಒಂದು ಚೊಂಬು ನೀರು ಹುಯ್ಕಂತೀನಿ."

ಅವರ ಬಚ್ಚಲು ಮೊದಲ ವಾರವೇ ಹೋಯಿತು. ಹಂಡೆಯನ್ನು ಮಾತ್ರ ಡಿಸೈನರ್ ಕಣ್ಣರಳಿಸಿಕೊಂಡು ನೋಡಿದ. "ಆಂಟಿಕ್ ಪೀಸ್!" ಅಂದ. ಬೆಂಗಳೂರಿಗೆ ಒಯ್ದು ವಾರ್ನಿಷ್ ಬಳಿಸಿ ತಂದು, ಹಾಲ್‌ನ ಮೂಲೆಯಲ್ಲಿ ಒಂದು ಮರದ ಪೀಠದ ಮೇಲೆ ಕೂರಿಸಿ, ಹೊಟ್ಟೆಯೊಳಗೆ ಬಲ್ಬು ಇಟ್ಟ. ದೊಡ್ಡತ್ತೆಗೆ ಸಿಗಬೇಕಾಗಿದ್ದ ಅದೇ ಮೂಲೆ! ಮನೆ ನೋಡಲು ಬಂದವರೆಲ್ಲ ಹಂಡೆಯನ್ನು ಹೊಗಳಿದ್ದೇ ಹೊಗಳಿದ್ದು. ಅದರಲ್ಲಿ ಅಷ್ಟು ವರ್ಷ ನಮಗೆಲ್ಲ ನೀರು ಕಾಯಿಸಿ ಕೊಟ್ಟವರು ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಒಂದು ಹಳೇ ಸೀರೆ ಅಡ್ಡ ಕಟ್ಟಿಕೊಂಡು ಸ್ನಾನ ಮಾಡುತ್ತಿದ್ದರು. ಬಕೆಟ್ಟಿಗೆ ಮಹಡಿಯ ಗೀಸರ್‌ನಿಂದ ನಾನು ನೀರು ಹೊತ್ತು ತರುತ್ತಿದ್ದೆ. ಒಮ್ಮೆ ಗಾಳಿಗೆ ಸೀರೆ ಹಾರಿತು. ಆಚೆ ಕಣದಲ್ಲಿ ಕಾಫಿ ಹರಡುತ್ತಿದ್ದ ಆಳುಗಳು ಮುಖ ತಿರುಗಿಸಿಕೊಂಡರು. ದೊಡ್ಡತ್ತೆ ಆ ದಿನ ಊಟಕ್ಕೆ ಏಳಲಿಲ್ಲ.

ಆಮೇಲೆ ಸಂಸೆಯ ತಂಗಿ ಮನೆಗೆ ಹೊರಟರು. "ನಾಕು ದಿನ ಇದ್ದು ಬರ್ತೀನಿ" ಅಂದರು. ಯಾರೂ ಬೇಡ ಅನ್ನಲಿಲ್ಲ, ನನ್ನ ಬಿಟ್ಟು. ಮಳೆಗಾಲ ಕಳೆಯಿತು, ಕೊಯ್ಲು ಕಳೆಯಿತು, ಅವರು ಬರಲಿಲ್ಲ. ಕಳಸದ ಬಸ್ಸು ಹಿಡಿದು ನಾನೇ ನೋಡಲು ಹೋದೆ. ತಂಗಿಯ ಮನೆಯ ಹಿತ್ತಿಲಿಂದ ಹೊಗೆ ಏಳುತ್ತಿತ್ತು. ದೊಡ್ಡತ್ತೆ ಬಚ್ಚಲೊಲೆಯ ಮುಂದೆ ಕೂತಿದ್ದರು, ಮುಖ ತುಂಬಿಕೊಂಡಿತ್ತು. "ಬಂದ್ಯಾ? ನೀರು ಕಾದಿದೆ ನೋಡು" ಅಂದರು. ಆ ಬಿಸಿನೀರಿನಲ್ಲಿ ಕೂತು ನಾನು ಅತ್ತದ್ದು ಅವರಿಗೆ ಕೇಳಿಸಿತೋ ಇಲ್ಲವೋ... ಊರಿಗೆ ಬನ್ನಿ ಅಂತ ಕರೆಯಲು ಹೋದವಳು ಕರೆಯದೆ ಬಂದೆ. ಯಾವ ಬಾಯಿಂದ ಕರೆಯಲಿ? ಮುಂದಿನ ವರ್ಷ ಅವರು ಅಲ್ಲೇ ತೀರಿಕೊಂಡರು.

ಈಗ ಮೂಲೆಯ ವಿಚಾರ ಹೇಳುತ್ತೇನೆ. ಮಾವನಿಗೆ ಮಂಡಿಯ ಆಪರೇಷನ್ ಆಯಿತು. ಇನ್ನು ಮೆಟ್ಟಿಲು ಹತ್ತಕೂಡದು ಅಂದರು ಡಾಕ್ಟರು. ಆಸ್ಪತ್ರೆಯಿಂದ ಬಂದ ಮಾರನೇ ಬೆಳಿಗ್ಗೆ ಮಾವ ಕೋಲೆತ್ತಿ ಹಾಲ್‌ನ ಮೂಲೆ ತೋರಿಸಿದರು: "ಇಲ್ಲೊಂದು ಬಚ್ಚಲು ಮಾಡ್ಸಿ." ಅಷ್ಟೇ! ಹಾಲ್ ಚಿಕ್ಕದಾಗಲಿಲ್ಲ, ಸೋಫಾದ ಮೇಲೆ ಕೂತವರಿಗೆ ನೀರಿನ ಸದ್ದು ಕೇಳಿಸಲಿಲ್ಲ, ಗಂಡನೂ ಆಮೇಲೆ ನೋಡಣ ಅನ್ನಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರೆ. ಇದು ಬುದ್ಧಿಯೂ ಅಲ್ಲ, ಬರೀ ಮಂಡಿನೋವು.

ಡಿಸೈನರ್ ಯಾರು ಅಂತ ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಚಿಕ್ಕಮಗಳೂರಿನ ಅವಳನ್ನೇ ಹುಡುಕಿ ಕರೆಸಿದೆ. ಈಗ ಕಾರಿದೆ, ಕೂದಲಲ್ಲಿ ಅಲ್ಲಲ್ಲಿ ನರೆ. ಒಳಗೆ ಕಾಲಿಟ್ಟವಳು ಕೇಳಿದ ಮೊದಲ ಮಾತು, "ಅಜ್ಜಿ ಎಲ್ಲಿ?" ನಾನು ಹೇಳಿದೆ. ಅವಳು ಟೇಪು ತೆಗೆದು ಅಂದು ಅಳೆದ ಗೋಡೆಯನ್ನೇ ಅಳೆಯಲು ಶುರು ಮಾಡಿದಳು. ಮಾವನಿಗೆ ಎಂಥ ಅನ್ನಿಸಿತೋ, "ಅಕ್ಕ ಇದ್ದಿದ್ರೆ ಅವ್ಳಿಗೂ ಅನುಕೂಲ ಆಗ್ತಿತ್ತು" ಅಂದರು.

"ಇದ್ರಲ್ಲ ಮಾವ" ಅಂದೆ. "ನೀವು ಆ ಪ್ಲಾನು ಎಸೆದಾಗ ಈ ಬಾಗ್ಲಲ್ಲೇ ನಿಂತಿದ್ರು."

ಆಮೇಲೆ ಅವಳ ಕಡೆ ತಿರುಗಿ, "ನೀರು ಕಾಯಿಸ್ತೀನಿ, ಸ್ನಾನ ಮಾಡ್ಕಂಡೇ ಹೋಗ್ಬೇಕು" ಅಂತ ಹೇಳಿ ಹಂಡೆಯನ್ನು ಹಿತ್ತಿಲಿಗೆ ಹೊರಿಸಿದೆ. ದೊಡ್ಡತ್ತೆಯ ಮನೆಯಲ್ಲಿ ಅವರ ಹಂಡೆಯ ನೀರು ಒಬ್ಬರಿಗಾದರೂ ಸಿಗಲಿ ಅನ್ನುವ ಹಟ. ಬಲ್ಬಿನ ವೈರು ಕಿತ್ತೆಸೆದು, ಹಂಡೆ ನಿಲ್ಲಿಸಿದ ಹಾಗೆಯೇ ಹೊರಮೈಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ, ವಾರ್ನಿಷ್ ಬಿಟ್ಟಲ್ಲೆಲ್ಲ ತಾಮ್ರ ಕೆಂಪಗೆ ಎದ್ದಿತು. ಮೂರು ಕಲ್ಲು ಹೂಡಿ, ಕಾಫಿ ರೆಂಬೆ ಒಟ್ಟಿ, ಬೆಂಕಿ ಹಚ್ಚಿ, ಕೊಡದಿಂದ ನೀರು ಹುಯ್ದೆ. ಒಲೆ ಸುಂಯ್ ಅಂದಿತು. ಬಗ್ಗಿ ನೋಡಿದರೆ ಹಂಡೆಯ ತಳದಲ್ಲಿ ಹೆಬ್ಬೆಟ್ಟಿನಗಲದ ತೂತು, ವೈರು ಹೋಗಲು ಕೊರೆದದ್ದು. ಅದರೊಳಗಿಂದ ಸುರಿದ ನೀರಿಗೆ ಬೆಂಕಿಯೆಲ್ಲ ಆರಿಹೋಯಿತು. ಸ್ನಾನಕ್ಕೆ ಕರೆದವಳಿಗೆ ಬರೀ ಕಾಫಿ ಕೊಟ್ಟು ಕಳಿಸಿದೆ.