ಅವ್ವನಿಗಿಂತ ಹಿರಿಯ ಮಗ

ಸರ್ಕಾರದ ಲೆಕ್ಕದಲ್ಲಿ ಚಲುವಮ್ಮ ಹುಟ್ಟುವ ಇಪ್ಪತ್ತಾರು ವರ್ಷ ಮೊದಲೇ ಅವಳ ಮಗ ಮರಿಯಯ್ಯ ಹುಟ್ಟಿದ್ದ. ಇದು ಅವಳು ಬೇಡಿ ಪಡೆದ ವರವೇನಲ್ಲ. ನಂಜನಗೂಡಿನಿಂದ ಹುಲ್ಲಹಳ್ಳಿಗೆ ಹೋಗುವ ಹಾದಿಯ ಅವರ ಊರಿಗೆ ಮತದಾರರ ಗುರುತಿನ ಚೀಟಿ ಮಾಡುವವರು ಬಂದ ದಿನ, ಕೇರಿಯವರನ್ನೆಲ್ಲ ಶಾಲೆಯ ಜಗುಲಿಯಲ್ಲಿ ಸಾಲಾಗಿ ಕೂರಿಸಿ ಪಟ ಹೊಡೆದರು. ಬರೆಯುವವನಿಗೆ ಊಟದ ಹೊತ್ತು ಮೀರಿತ್ತು. ಅವ್ವನ ವಯಸ್ಸನ್ನು ಮಗನಿಗೂ ಮಗನ ವಯಸ್ಸನ್ನು ಅವ್ವನಿಗೂ ಬರೆದು, ಎದ್ದು ಕೈ ತೊಳೆದುಕೊಂಡ.

ಇಬ್ಬರಿಗೂ ಓದು ಬಾರದು. ವಿಷಯ ತಿಳಿದದ್ದು ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದಾಗಲೇ. ಬೆನ್ನು ಬಾಗಿ ನೆಲ ನೋಡಿಕೊಂಡು ನಡೆಯುವ ಚಲುವಮ್ಮನಿಗೆ ಇನ್ನೂ ವಯಸ್ಸಾಗಿಲ್ಲ ಎಂದು ಅರ್ಜಿ ವಾಪಸ್ಸು ಬಂತು. ದಿನವಿಡೀ ಕಬ್ಬು ಕಡಿದು ಲಾರಿಗೆ ತುಂಬುತ್ತಿದ್ದ ಮರಿಯಯ್ಯ ತನ್ನ ಚೀಟಿ ಹಿಡಿದು ಅರ್ಜಿ ಹಾಕಿದ, ವೇತನ ಮಂಜೂರಾಯಿತು. ಹಣ ಬರುವ ದಿನ ಅವನು ಕೂಲಿಗೆ ಹೋಗುತ್ತಿರಲಿಲ್ಲ.

“ಅವ್ವಾ, ಕೋಲು ಕೊಡವ್ವ, ಪೋಸ್ಟಯ್ಯ ಬತ್ತಾವ್ನೆ!”

ಅವಳು ಕೋಲು ಕೊಟ್ಟು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮಗ ಬಾಗಿಲಲ್ಲಿ ಕೂತು ಕೆಮ್ಮುತ್ತಿದ್ದ. ಬರೀ ಕೆಮ್ಮಿದರೆ ಸಾಲದೆಂದು ಒಮ್ಮೊಮ್ಮೆ ನರಳುತ್ತಲೂ ಇದ್ದ.

ಹೀಗೆ ನಡೆಯುತ್ತಿದ್ದ ಸಂಸಾರಕ್ಕೆ ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ನಾಗೇಂದ್ರ ಬಂದ. ತಿರುಮಕೂಡಲು ನರಸೀಪುರದ ಕಡೆಯ ಹುಡುಗ, ಕಾಲೇಜಿನಲ್ಲಿ ಪಾಠ ಹೇಳುವವನು. ಯಾವ ಪುಸ್ತಕದಲ್ಲೂ ಇಲ್ಲದ ಜನರ ಚರಿತ್ರೆ ಬರೆಸಲು ಮೈಸೂರಿನ ಒಂದು ಟ್ರಸ್ಟು ಹಣ ಕೊಡುತ್ತದೆ, ನಿಮ್ಮಲ್ಲಿ ಹಳೆಯ ಕಥೆ ಇದ್ದರೆ ಹೇಳಿ ಎಂದ.

ಚಲುವಮ್ಮನಲ್ಲಿ ಇದ್ದದ್ದು ಒಂದೇ ಕಥೆ. ಅವಳಿಗೆ ಹತ್ತು ವರ್ಷವಿದ್ದಾಗ ಊರ ಮಗ್ಗುಲಿಗೆ ಕಾಲುವೆ ತೋಡಿದರು. ಮಂಕರಿಯಲ್ಲಿ ಮಣ್ಣು ಹೊತ್ತವರು ಕೇರಿಯ ಹೆಂಗಸರು ಮಕ್ಕಳು, ಮುಂದಾಳು ಅವಳ ಅವ್ವ ದೊಡ್ಡತಾಯಮ್ಮ. ನೀರು ಬಂದ ದಿನ ಕೇರಿಯವರು ಅದನ್ನು ಮುಟ್ಟಕೂಡದೆಂದು ಮೇಸ್ತ್ರಿ ಸಾರಿದ. ದೊಡ್ಡತಾಯಮ್ಮ ಎಲ್ಲರೆದುರು ಇಳಿದು ಕುಡಿದಳು. ಕಾಲುವೆಯ ಕಲ್ಲಿನ ಮೇಲೆ ಯಾರ್ಯಾರದೋ ಹೆಸರುಗಳಿವೆ, ದೊಡ್ಡತಾಯಮ್ಮನದಿಲ್ಲ.

“ಸಾಯೋದ್ರೊಳ್ಗೆ ನಮ್ಮವ್ವ ನೀರು ಕುಡ್ದಿದ್ದು ಪುಸ್ತಕ್ದಲ್ಲಿ ಬರ್ಬೇಕು ಕಣಪ್ಪ. ನಂಗಿನ್ನೇನೂ ಬ್ಯಾಡ,” ಎಂದಳು.

ನಾಗೇಂದ್ರನ ಕಣ್ಣು ಒದ್ದೆಯಾಯಿತು. ಆಮೇಲೆ ನಿಯಮದ ಪ್ರಕಾರ ಗುರುತಿನ ಚೀಟಿ ಕೇಳಿದ. ಕಣ್ಣಾರೆ ಕಂಡವರೇ ಹೇಳಬೇಕು, ಕಾಣುವಷ್ಟು ವಯಸ್ಸಾಗಿತ್ತೆಂಬುದಕ್ಕೆ ದಾಖಲೆಯ ಮೂರು ಪ್ರತಿ ಬೇಕು. ದಾಖಲೆಯೇ ಇಲ್ಲದವರಿಗೆಂದು ಹುಟ್ಟಿದ ಟ್ರಸ್ಟಿಗೆ ದಾಖಲೆಯ ಮೇಲೆ ಇದ್ದ ಮೋಹ ಅಷ್ಟಿಷ್ಟಲ್ಲ.

“ಅಮ್ಮ, ಇದರ ಪ್ರಕಾರ ಕಾಲುವೆ ತೋಡುವಾಗ ನೀವು ಹುಟ್ಟೇ ಇರಲಿಲ್ಲ.”

“ಉಟ್ಟದೇ ಮಣ್ಣು ಒತ್ನೇನಪ್ಪಾ?”

ಚೀಟಿ ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆಯಬೇಕು, ಮಾರ್ಚ್ ಮುಗಿದರೆ ಟ್ರಸ್ಟಿನ ಹಣ ವಾಪಸ್ಸು ಹೋಗುತ್ತದೆ. ಮೇಲಾಗಿ ತಿದ್ದಿಸಿದರೆ ಮರಿಯಯ್ಯನ ಮುಪ್ಪು ಒಂದೇ ಏಟಿಗೆ ಹಾರಿಹೋಗುತ್ತದೆ. ಕೊನೆಗೆ ನಾಗೇಂದ್ರನೇ ತಲೆ ಕೆರೆದುಕೊಂಡು, ಕಾಲುವೆ ತೋಡುವಾಗ ದಾಖಲೆಯ ಪ್ರಕಾರ ಹತ್ತು ವರ್ಷದವನಾಗಿದ್ದ ಮರಿಯಯ್ಯನೇ ಕಥೆ ಹೇಳಲಿ ಎಂದ.

ಮರುದಿನ ಟೇಪ್ ರೆಕಾರ್ಡರ್ ಮುಂದೆ ಮರಿಯಯ್ಯ ಕೋಲು ಹಿಡಿದು ಕೂತ. ಬಾಗಿಲ ಹಿಂದೆ ಚಲುವಮ್ಮ ಪಿಸುಗುಟ್ಟುವುದು, ಅವನು ಗಟ್ಟಿಯಾಗಿ ಹೇಳುವುದು.

“ನಮ್ಮವ್ವ ಮಂಕರಿ ಕೆಳಕ್ಕೆ ಮಡಗುದ್ಲು.”

“ನಮ್ಮವ್ವ ಮಂಕರಿ ಕೆಳಕ್ಕೆ ಮಡಗುದ್ಲು.”

“ನಿಧಾನ್ವಾಗಿ ಏಳ್ಲಾ, ಮುಂಡೇದೆ.”

“ನಿಧಾನ್ವಾಗಿ ಏಳ್ಲಾ, ಮುಂಡೇದೆ.”

ನಾಗೇಂದ್ರ ಮೂರು ಸಲ ಕ್ಯಾಸೆಟ್ಟು ಹಿಂದಕ್ಕೆ ಸುತ್ತಿದ. ನಾಲ್ಕನೆಯ ಸಲ ಕಥೆ ಕಾಲುವೆಯ ಏರಿ ಮುಟ್ಟಿತು. ಮೇಸ್ತ್ರಿ ಬಾರುಕೋಲು ಎತ್ತಿದ. ‘ನಾ ತೋಡಿದ್ ಕಾಲ್ವೆ ನಾ ಮುಟ್ಟುದ್ರೆ ಮೈಲಿಗೆ ಆದದಾ’ ಎಂದಳು ದೊಡ್ಡತಾಯಮ್ಮ. ಒಂದು ಬೊಗಸೆ ಕುಡಿದಳು. ಏಟು ಬಿತ್ತು. ಇನ್ನೊಂದು ಬೊಗಸೆ ಕುಡಿದಳು. ಇಷ್ಟು ವರ್ಷದಲ್ಲಿ ಮರಿಯಯ್ಯ ಈ ಕಥೆಯನ್ನು ಕೊನೆತನಕ ಕೇಳಿರಲೇ ಇಲ್ಲ. ಬಾಗಿಲ ಹಿಂದಿನಿಂದ ಅವ್ವ ಎರಡು ಸಲ ಹೇಳಿಕೊಟ್ಟ ಮೇಲೆ, ಅವನು ಕೋಲು ಕೆಳಗಿಟ್ಟು ಎರಡನೆಯ ಬೊಗಸೆಯ ಮಾತು ಹೇಳಿ ಮುಗಿಸಿದ.

ನಾಗೇಂದ್ರ ಬರೆದು ಕಳಿಸಿದ್ದನ್ನು ಟ್ರಸ್ಟಿನವರು ಓದಿ, ನೀರು ಕುಡಿದದ್ದಕ್ಕೆ ಆಧಾರವೇನು, ಇಲ್ಲದಿದ್ದರೆ ಆ ಸಾಲು ತೆಗೆಯಿರಿ ಎಂದು ಪತ್ರ ಬರೆದರು. ಅವನು ಮರಿಯಯ್ಯನ ಚೀಟಿಯ ಮೂರು ಪ್ರತಿ ಕಳಿಸಿದ. ಎಪ್ಪತ್ತೆಂಟು ವರ್ಷದ ಪ್ರತ್ಯಕ್ಷದರ್ಶಿ! ಸಾಲು ಉಳಿಯಿತು. ಅವ್ವ ಹೇಳಿದ ನಿಜವನ್ನು ಮಗನ ಸುಳ್ಳು ವಯಸ್ಸು ಹೊತ್ತು ನಿಂತಿತು.

ಪುಸ್ತಕದ ಬಿಡುಗಡೆ ನರಸೀಪುರದ ಒಂದು ಸಭಾಂಗಣದಲ್ಲಿ ನಡೆಯಿತು. ವೇದಿಕೆಯ ಮೇಲೆ ಮರಿಯಯ್ಯನಿಗೆ ಶಾಲು, ಹಣ್ಣಿನ ಬುಟ್ಟಿ. ಪಕ್ಕದಲ್ಲಿ ಚಲುವಮ್ಮ, ಅಂದು ಅವಳ ಕೋಲು ಮಗನ ಕೈಯಲ್ಲಿದ್ದುದರಿಂದ ಮೇಜು ಹಿಡಿದು ನಿಂತಿದ್ದಳು. ಇಬ್ಬರ ಚೀಟಿಯನ್ನೂ ತರಿಸಿ ವಯಸ್ಸು ನೋಡಿದ ಟ್ರಸ್ಟಿನವರು ತಮಗೆ ತೋಚಿದ ನಂಟು ಕಟ್ಟಿ, ಪುಸ್ತಕದಲ್ಲಿ ಅವರ ಪಟದ ಕೆಳಗೆ ಅಚ್ಚು ಹಾಕಿಸಿದ್ದರು: ದೊಡ್ಡತಾಯಮ್ಮನ ಮಗ ಮರಿಯಯ್ಯ, ಜೊತೆಯಲ್ಲಿ ಅವರ ಮಗಳು ಚಲುವಮ್ಮ.

ಮುಖ್ಯ ಅತಿಥಿಗಳು ಅವಳ ಬೆನ್ನು ತಟ್ಟಿ, “ತಂದೆಯನ್ನು ಚೆನ್ನಾಗಿ ನೋಡಿಕೊಳ್ಳಮ್ಮ, ಇಂಥವರು ಸಿಗುವುದಿಲ್ಲ,” ಎಂದರು.

“ನೋಡ್ಕತೀನಿ ಸಾ. ಈಗ್ಲೂ ನಾನೇ ಉಣ್ಣಾಕಿಕ್ಕದು,” ಎಂದಳು ಚಲುವಮ್ಮ.

ಸಭೆ ಮುಗಿದ ಮೇಲೆ ಅವಳು ನಾಗೇಂದ್ರನನ್ನು ಮೂಲೆಗೆ ಕರೆದು, ಅವ್ವ ಎಲ್ಲಿದ್ದಾಳೆ ತೋರಿಸು ಎಂದಳು. ಅವನು ಅವಳ ಬೆರಳು ಹಿಡಿದು ಹೆಸರಿನ ಮೇಲೆ ಇಟ್ಟು, ಮೊದಲ ಬೊಗಸೆಯನ್ನೂ ಎರಡನೆಯ ಬೊಗಸೆಯನ್ನೂ ಓದಿ ಹೇಳಿದ. ಅವಳು ಬೆರಳು ತೆಗೆಯದೆ ಅತ್ತಳು. ನಾಗೇಂದ್ರನಿಗೆ ನಾಚಿಕೆಯಾಯಿತು.

“ಅಮ್ಮ, ಮುಂದಿನ ಮುದ್ರಣದಲ್ಲಿ ತಿದ್ದಿಸ್ತೀನಿ. ದೊಡ್ಡತಾಯಮ್ಮನ ಮಗಳು ನೀವೇ ಅಂತ ಬರೆಸ್ತೀನಿ.”

ಚಲುವಮ್ಮ ಪುಸ್ತಕವನ್ನು ಥಟ್ಟನೆ ಮುಚ್ಚಿ ಸೆರಗಿನೊಳಗೆ ಇಟ್ಟುಕೊಂಡಳು.

“ಬ್ಯಾಡ ಬುಡಪ್ಪ. ನಾನು ಮರಿಯಯ್ಯನ್ ಮಗ್ಳಾಗೇ ಇರ್ತೀನಿ. ಅವ್ರು ತಿದ್ದಾಕೆ ಕುಂತ್ರೆ, ನಮ್ಮವ್ವ ನೀರು ಕುಡ್ದಿದ್ನೂ ತಿದ್ಬುಟ್ಟಾರು.”