ಉಲ್ಲೇಖದವನೂ ಅಂಟಿನವಳೂ

ಓಣಿಯ ಮೂಲೆ ಮನೆ ಎಣಿಕೆಯಣ್ಣನಿಗೆ ಎಣಿಸೋದೇ ಕೆಲಸ. ಹಾಗಂತ ಬ್ಯಾಂಕಿನವನಲ್ಲ, ಅಂಗಡಿಯವನೂ ಅಲ್ಲ. ದೇಶ ದೇಶದವರೆಲ್ಲ ಸೇರಿ ಸಂಸ್ಕೃತಿ ಕಾಪಾಡ್ತೀವಿ ಅಂತ ಮಾಡ್ಕೊಂಡಿರೋ ದೊಡ್ಡ ಸಂಸ್ಥೆ ಇರತ್ತಲ್ಲ, ಮುಂದೆ ಬಾವುಟಗಳ ಸಾಲು, ಒಳಗೆ ಬರೀ ಗಾಜು, ಬಾಗಿಲು ಯಾವುದು ಗೋಡೆ ಯಾವುದು ಗೊತ್ತಾಗದೆ ಹೊಸಬರು ಮೂಗು ಜಜ್ಜಿಕೊಳ್ಳೋದು, ಅಂಥಾ ಕಡೆ ನೌಕರಿ. ಆ ಸಂಸ್ಥೆ ಪುಸ್ತಕ ಅಚ್ಚು ಹಾಕತ್ತೆ. ಪಂಡಿತರು ಲೇಖನ ಬರೀವಾಗ ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಈ ಮಾತು ಇಂಥಾ ಪುಸ್ತಕದ್ದು’ ಅಂತ ಹಾಕ್ತಾರಲ್ಲ, ಅದಕ್ಕೆ ಉಲ್ಲೇಖ ಅಂತಾರೆ. ಸಂಸ್ಥೆಯ ಯಾವ ಪುಸ್ತಕಾನ ಎಷ್ಟು ಜನ ಪಂಡಿತರು ಉಲ್ಲೇಖಿಸಿದ್ರು ಅಂತ ಕಂಪ್ಯೂಟರಲ್ಲಿ ಹುಡುಕಿ ಎಣಿಸಬೇಕು ಇವನು. ಪುಸ್ತಕ ಓದೋದಲ್ಲ ಮತ್ತೆ. ಓದೋಕೆ ಅವನಿಗೆಲ್ಲಿ ಪುರುಸೊತ್ತು!

ಅವನ ತಾಯಿಗೆ ಮಾತ್ರ ಇದು ತಲೆಗೇ ಹತ್ತಲಿಲ್ಲ.

“ಅಲ್ವೋ, ಹೆಸರು ಹೇಳಿದ್ದನ್ನ ಎಣಿಸ್ತೀಯ. ಓದಿದ್ದನ್ನ ಎಣಿಸಲ್ವಾ?”

“ಓದಿದ್ದು ಕಾಣಲ್ಲಮ್ಮ. ಹೆಸರು ಹೇಳಿದ್ದು ಕಾಣತ್ತೆ.”

“ಹಾಗಾದ್ರೆ ನಿಮ್ಮಜ್ಜಿ ಬೆಳಗಾಗೆದ್ದು ನನ್ನ ಹೆಸರು ಹಿಡಿದು ಬೈತಿದ್ರಲ್ಲ, ನಾನೂ ಭಾರಿ ಹೆಸರುವಾಸಿ ಅನ್ನು.”

“ಬೈದ್ರೂ ಲೆಕ್ಕಕ್ಕೆ ಬರತ್ತಮ್ಮ,” ಅಂದ ಅವನು, ಮುಖದಲ್ಲಿ ಒಂದು ಗೆರೆ ಅಲ್ಲಾಡದೆ. ನಿಜಕ್ಕೂ ಬರತ್ತಂತೆ. ‘ಇಂಥಾ ದರಿದ್ರ ಪುಸ್ತಕ ಕಂಡಿಲ್ಲ’ ಅಂತ ಪಂಡಿತನೊಬ್ಬ ಬರೆದ್ರೂ ಪುಸ್ತಕಕ್ಕೆ ಒಂದು ಅಂಕಿ ಏರತ್ತೆ. ತುಂಬಾ ಬೈಸಿಕೊಂಡ ಪುಸ್ತಕಗಳೇ ಅಲ್ಲಿ ಮೆರೆಯೋದು.

ಅವನ ಹೆಂಡತಿಗೂ ಅಲ್ಲೇ ಕೆಲಸ. ಆದ್ರೆ ಅವಳದು ಗಾಜಿನ ಕಡೆ ಅಲ್ಲ, ಮೆಟ್ಟಿಲಿಳಿದು ಹೋದ್ರೆ ನೆಲಮಾಳಿಗೆಯಲ್ಲಿ. ಹರಿದ ಪುಸ್ತಕ ಸರಿಮಾಡೋ ಕೋಣೆ. ಅಂಟಿನ ವಾಸನೆ, ಹಗ್ಗದ ಮೇಲೆ ಒಣಗೋಕೆ ಹಾಕಿರೋ ಹಾಳೆಗಳು, ಅವಳ ತಲೆಗೂದಲಲ್ಲಿ ಸದಾ ಒಂದೆರಡು ಕಾಗದದ ಚೂರು. ಎಲ್ಲರ ಬಾಯಲ್ಲೂ ಅಂಟಕ್ಕ. ಮದುವೆಗೆ ಮುಂಚೆ ಇವನು ಬೆನ್ನು ಮುರಿದ ನಿಘಂಟಿಗೆ ಪ್ಲಾಸ್ಟಿಕ್ ಟೇಪು ಸುತ್ತಿ ಅವಳ ಹತ್ರ ತಗೊಂಡು ಹೋಗಿದ್ನಂತೆ. “ಯಾವ ಕಟುಕ ಇದಕ್ಕೆ ಟೇಪು ಹಚ್ಚಿದ್ದು?” ಅಂತ ಅವಳು ಕಣ್ಣು ಕೆಕ್ಕರಿಸಿದ್ಲು. “ನಾನೇ” ಅಂದ ಇವನು, ಬೆವೆತುಬಿಟ್ಟ. ಅಲ್ಲಿಂದ ಶುರುವಾಯ್ತು ನೋಡಿ ಸಂಸಾರ. ಇವತ್ತಿಗೂ ಮನೆಯಲ್ಲಿ ಟೇಪು ಅನ್ನೋ ಮಾತು ಬಂದ್ರೆ ಅವನು ಎದ್ದು ಕೈ ತೊಳೆಯೋಕೆ ಹೋಗ್ತಾನೆ.

ಹಾಂ, ಎಲ್ಲಿಗೋ ಹೋಯ್ತು ಮಾತು. ಅಂಟಕ್ಕ ಒಂದು ಸಣ್ಣ ಪುಸ್ತಕ ಬರೆದಿದ್ಲು. ಹಿಟ್ಟಿನ ಅಂಟು ಕಾಯಿಸೋದು ಹೇಗೆ, ಸಡಿಲವಾದ ಹಾಳೆ ಹೊಲಿಯೋದು ಹೇಗೆ, ನೆನೆದ ಪುಸ್ತಕ ಒಣಗಿಸೋದು ಹೇಗೆ, ಎಲ್ಲ ಚಿತ್ರ ಸಮೇತ. ಶಾಲೆ ಮೇಷ್ಟ್ರುಗಳು, ಲೈಬ್ರರಿಯವರು ಕೇಳಿ ಕೇಳಿ ತರಿಸ್ಕೊಳ್ಳೋರು. ಕೈಗೆ ಅಂಟು ಮೆತ್ತಿಕೊಂಡು ಕೆಲಸ ಮಾಡೋರು ಅಡಿಟಿಪ್ಪಣಿ ಬರೀತಾರಾ ಪಾಪ? ಲೆಕ್ಕದಲ್ಲಿ ಆ ಪುಸ್ತಕ ದುಂಡನೆ ಸೊನ್ನೆ.

ಅಷ್ಟರಲ್ಲಿ ಹೊಸ ನಿರ್ದೇಶಕರು ಬಂದ್ರು. ಬಂದವರೇ ಒಂದು ಅಪ್ಪಣೆ. ಯಾವ ಪ್ರಕಟಣೆಗೆ ಉಲ್ಲೇಖ ಇಲ್ವೋ ಅದು ಬಂದ್, ಅದನ್ನ ಹೊರಡಿಸೋ ವಿಭಾಗವೂ ಬಂದ್. ನೆಲಮಾಳಿಗೆ ಖಾಲಿಯಾದ್ರೆ ಅಲ್ಲಿ ಮೆತ್ತನೆ ಕುರ್ಚಿ ಹಾಕಿ ‘ಚಿಂತನ ಕೋಣೆ’ ಮಾಡೋದಂತೆ. ಅಂದ್ರೆ ಅಂಟಕ್ಕನ ಕೋಣೆಗೆ ಕಲ್ಲು ಹಾಕಬೇಕಾದವನು ಯಾರು? ಅವಳ ಗಂಡನೇ, ತನ್ನ ಎಣಿಕೆಯಿಂದಲೇ.

ಮನೆಗೆ ಬಂದು ಊಟಕ್ಕೆ ಕೂತ.

“ಏನ್ರೀ, ನನ್ನ ಪುಸ್ತಕಕ್ಕೆ ಒಂದಾದ್ರೂ ಸಿಕ್ತಾ?”

“ಸಿಕ್ತು ಕಣೇ. ಜಿರಲೆ ಮೇಲೆ ಸಂಶೋಧನೆ ಮಾಡಿದ ಒಬ್ರು, ಯಾವ ಅಂಟು ಜಿರಲೆಗೆ ಪ್ರೀತಿ ಅನ್ನೋಕೆ ನಿನ್ನ ಹೆಸರು ಹಾಕಿದ್ದಾರೆ.”

“ಸದ್ಯ!”

“ಆದ್ರೆ ಅದು ಹುಳದ ಶಾಸ್ತ್ರ. ಸಂಸ್ಕೃತಿ ಲೆಕ್ಕಕ್ಕೆ ಬರಲ್ಲ.”

“ಹೋಗಲಿ ಬಿಡಿ, ಜಿರಲೆಯಾದ್ರೂ ಓದಿ ಅರಗಿಸಿಕೊಂಡಿದೆ,” ಅಂದ್ಲು ಅಂಟಕ್ಕ. ಬಾಯಲ್ಲಿ ನಗು, ಆದ್ರೆ ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ಲು. ಅವನು ಅದನ್ನ ನೋಡಿದ. ನೋಡಿ ನೀರು ಕುಡಿದ.

“ನೀನೇ ಒಂದು ನಾಲ್ಕು ಸೇರಿಸಿ ಬರಿಯೋ,” ಅಂದ್ರು ತಾಯಿ. “ಹೆಂಡತಿ ಪುಸ್ತಕ ಅಲ್ವೇನೋ?”

“ಹಾಗೆಲ್ಲ ಮಾಡೋಕಾಗಲ್ಲಮ್ಮ. ಲೆಕ್ಕ ಅಂದ್ರೆ ಲೆಕ್ಕ.”

ಅವನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ ಕೂತಿತ್ತು ‘ಸಂಸ್ಕೃತಿಯ ಮುಂದುವರಿಕೆ’ ಅನ್ನೋ ಪುಸ್ತಕ. ಅಬ್ಬಬ್ಬಾ, ಅದನ್ನ ಹೆಸರಿಸದ ಪಂಡಿತನೇ ಇಲ್ಲ. ಒಬ್ರು ‘ಕಣ್ಣು ತೆರೆಸಿದ ಕೃತಿ’ ಅಂದ್ರೆ ಇನ್ನೊಬ್ರು ‘ಕಣ್ಣು ಮುಚ್ಚಿಸೋ ಕೃತಿ’ ಅಂತ ಅವರ ಮೇಲೆ ಹರಿಹಾಯ್ದಿದ್ರು. ನಿರ್ದೇಶಕರು ಉಬ್ಬಿಹೋದ್ರು. ದೊಡ್ಡ ಸಮಾರಂಭ ಮಾಡೋಣ, ಮೊದಲ ಪ್ರತೀನ ಗಾಜಿನ ಪೆಟ್ಟಿಗೆಯಲ್ಲಿ ಇಡೋಣ, ತಗೊಂಬನ್ನಿ ಅಂತ ಎಣಿಕೆಯಣ್ಣನ್ನ ಪುಸ್ತಕದ ಉಗ್ರಾಣಕ್ಕೆ ಅಟ್ಟಿದ್ರು.

ಉಗ್ರಾಣದವನು ಸ್ಟೂಲಿನ ಮೇಲೆ ಕೂತು ತೂಕಡಿಸ್ತಿದ್ದ.

“‘ಸಂಸ್ಕೃತಿಯ ಮುಂದುವರಿಕೆ’ ಒಂದು ಪ್ರತಿ ಕೊಡಪ್ಪ.”

“ಅದು ಬರಲೇ ಇಲ್ವಲ್ಲ ಸರ್.”

“ಮುಗಿದುಹೋಯ್ತಾ?”

“ಮುಗಿಯೋಕೆ ಮೊದಲು ಬರಬೇಕಲ್ಲ! ಬರೀತೀನಿ ಅಂತ ಒಬ್ರು ಪ್ರೊಫೆಸರು ಒಪ್ಪಿಕೊಂಡಿದ್ರು. ಸದ್ಯದಲ್ಲೇ ಬರತ್ತೆ ಅಂತ ನಮ್ಮವರು ಜಾಹೀರಾತೂ ಹಾಕಿಬಿಟ್ರು. ಆ ಮಹಾನುಭಾವರು ಅತಿಥಿ ಗೃಹದಲ್ಲಿ ಉಂಡು, ಮಲಗಿ, ಕಿಟಕಿಯಿಂದ ಗಾಳಿ ಬರಲ್ಲ ಅಂತ ಜಗಳ ಆಡಿ ಎದ್ದು ಹೋದ್ರು. ಒಂದು ಅಕ್ಷರ ಬರೀಲಿಲ್ಲ. ಅದಕ್ಕೆ ಅಂತ ಖಾಲಿ ಮಾಡಿದ ಜಾಗ ನೋಡಿ, ಈಗ ನನ್ನ ಛತ್ರಿ ಇಡ್ತೀನಿ.”

ಎಣಿಕೆಯಣ್ಣ ಆ ಛತ್ರಿಯನ್ನೇ ನೋಡ್ತಾ ನಿಂತ. ನಡೆದದ್ದು ಇಷ್ಟು. ಯಾರೋ ಒಬ್ಬ ಪಂಡಿತ ಜಾಹೀರಾತು ನೋಡಿ ಪುಸ್ತಕದ ಹೆಸರು ಹಾಕಿದ. ಅವನದನ್ನ ನೋಡಿ ಇನ್ನೊಬ್ಬ, ಇನ್ನೊಬ್ಬನದನ್ನ ನೋಡಿ ಮಗದೊಬ್ಬ. ತೆರೆದು ನೋಡೋಣ ಅಂತ ಒಬ್ಬನಿಗೂ ಅನ್ನಿಸಲಿಲ್ಲ. ಅನ್ನಿಸಿದವರು ಸಿಗಲಿಲ್ಲ ಅಂತ ಹೇಳೋಕೆ ನಾಚಿಕೊಂಡಿರಬೇಕು. ಎಣಿಸಿದ ಇವನಾದ್ರೂ ನೋಡಿದ್ನಾ? ಅವನ ಕಿವಿ ಬಿಸಿಯಾಯ್ತು.

ಅಂಟಕ್ಕನಿಗೆ ಹೇಳಿದ್ರೆ ಅವಳು ಹೊಟ್ಟೆ ಹಿಡ್ಕೊಂಡು ನಕ್ಕು ನಕ್ಕು ಅಂಟಿನ ಪಾತ್ರೆಗೇ ಸೆರಗು ಅದ್ದಿಬಿಟ್ಲು. ಆಮೇಲೆ ಕಣ್ಣೊರೆಸಿಕೊಂಡು, “ಇಲ್ಲದೇ ಇರೋದಕ್ಕೆ ಮೆರವಣಿಗೆ, ಇರೋದಕ್ಕೆ ಬೀಗ. ಚೆನ್ನಾಗಿದೆ ನಿಮ್ಮ ಲೆಕ್ಕ!” ಅಂದ್ಲು. ಅವನಿಗೆ ಅದು ನಾಟ್ತು. ನೆಟ್ಟಗೆ ನಿರ್ದೇಶಕರ ಹತ್ರ ಹೋಗಿ ಎಲ್ಲ ಹೇಳಿದ.

ನಿರ್ದೇಶಕರು ಬಾಗಿಲು ಹಾಕಿಸಿದ್ರು. ಒಂದು ಲೋಟ ನೀರು ಕುಡಿದ್ರು.

“ಅಷ್ಟೊಂದು ದೊಡ್ಡವರು ಹೆಸರಿಸಿದ್ದಾರೆ ಅಂದ್ರೆ ಪುಸ್ತಕ ಇರಲೇಬೇಕು ಕಣ್ರೀ. ಅವರನ್ನೆಲ್ಲ ಸುಳ್ಳುಗಾರರು ಅನ್ನೋಕೆ ನಾನ್ಯಾರು?”

“ಆದ್ರೆ ಇಲ್ಲ ಸರ್.”

“ಇಲ್ಲದಿದ್ರೆ ಅದು ನಮ್ಮ ತಪ್ಪು. ಬರೆಸಿ, ಅಚ್ಚು ಹಾಕಿಸಿ!”

ಫೋನ್ ಮಾಡಿದ್ದೇ ಮಾಡಿದ್ದು. ಒಬ್ಬ ಪಂಡಿತರೂ ಬರೆಯೋಕೆ ಒಪ್ಪಲಿಲ್ಲ. ಎಲ್ಲರಿಗೂ ಮುನ್ನುಡಿಯೇ ಬೇಕು. “ಆ ಪುಸ್ತಕ ನನಗೆ ಬಾಯಿಪಾಠ, ಅದಕ್ಕೆ ಮತ್ತೆ ನಾನೇನು ಸೇರಿಸಲಿ?” ಅಂತ ಒಬ್ರು ವಿನಯ ಬೇರೆ ತೋರಿಸಿದ್ರು. ಸಮಾರಂಭ ತಲೆ ಮೇಲೆ ಬಂದು ಕೂತಿತ್ತು. ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತಿದ್ರು.

ಆಗ ಎಣಿಕೆಯಣ್ಣ ಕೆಮ್ಮಿದ. ಜನ್ಮದಲ್ಲಿ ಅಂಕಿ ಇಲ್ಲದ ಮಾತು ಆಡಿದವನಲ್ಲ, ನಾಲಿಗೆ ತೊಡರ್ತಿತ್ತು.

“ಸರ್, ಒಂದು ಪುಸ್ತಕ ತಯಾರಿದೆ. ಹೊಸ ಮುದ್ರಣಕ್ಕೆ ಅಂತ ತಿದ್ದಿ ಇಟ್ಟಿದ್ದಾರೆ, ನೆಲಮಾಳಿಗೆಯಲ್ಲಿ.”

“ಸಂಸ್ಕೃತಿ ಮುಂದುವರಿಯೋ ವಿಷಯಾನಾ?”

“ಅದೇ ಸರ್. ಹಾಳಾಗ್ತಿರೋದು ಮುಂದಿನವರ ಕೈಗೆ ಹೋಗೋ ಹಾಗೆ ಮಾಡೋದು.”

“ಪುಟ ಸಾಕಷ್ಟಿದೆಯೇನ್ರೀ?”

“ಚಿತ್ರವೂ ಇದೆ ಸರ್.”

“ಮತ್ತೇನ್ರೀ ನೋಡ್ತೀರಿ, ‘ಸಂಸ್ಕೃತಿಯ ಮುಂದುವರಿಕೆ’ ಅಂತಲೇ ಹೆಸರಿಟ್ಟು ಹಾಕಿಸಿ!” ಅಂದ್ರು. ತೆರೆದು ನೋಡಲಿಲ್ಲ. ಅಷ್ಟು ನಂಬಿಕೆ ಅವರಿಗೆ ಆ ಪುಸ್ತಕದ ಮೇಲೆ.

ಅಂಟಕ್ಕ ಸುಮ್ಮನೆ ಒಪ್ತಾಳಾ? “ನನ್ನ ಪುಸ್ತಕಕ್ಕೆ ಊರವರ ಟೋಪಿ ಯಾಕ್ರೀ?” ಅಂತ ಗಂಡನ ಮೇಲೆ ಮುನಿಸಿಕೊಂಡ್ಲು. ಪುಸ್ತಕದ ಹಳೇ ಹೆಸರು ಅವಳೇ ಇಟ್ಟಿದ್ದು, ಕರುಳು ಚುರುಕ್ ಅನ್ನಲ್ವಾ? ಕೋಣೆಯ ಹಗ್ಗ, ಹಾಳೆ, ಒತ್ತೋ ಯಂತ್ರ ಎಲ್ಲದರ ಮೇಲೂ ಒಂದು ಸಲ ಕಣ್ಣಾಡಿಸಿದ್ಲು. “ಒಳಗಿನ ಒಂದು ಸಾಲೂ ಬದಲಾಗಕೂಡದು. ಈ ಕೋಣೇನ ಯಾರೂ ಮುಟ್ಟಕೂಡದು. ಹಾಗಂತ ಬರೆಸಿಕೊಂಡು ಬನ್ನಿ.” ಅವನು ನಿರ್ದೇಶಕರ ಸಹಿ ಹಾಕಿಸಿಕೊಂಡೇ ಬಂದ. ಎಲ್ಲಕ್ಕಿಂತ ಹೆಚ್ಚು ಉಲ್ಲೇಖವಾದ ಪುಸ್ತಕದ ವಿಭಾಗಾನ ಮುಚ್ಚೋ ಧೈರ್ಯ ಯಾರಿಗಿದೆ?

ಸಮಾರಂಭಕ್ಕೆ ಪಂಡಿತರ ಹಿಂಡೇ ಬಂತು. ಒಬ್ರಂತೂ ಪುಸ್ತಕ ಕಣ್ಣಿಗೊತ್ತಿಕೊಂಡು, “ಹಳೇ ಸ್ನೇಹಿತನ್ನ ನೋಡಿದ ಹಾಗಾಯ್ತು” ಅಂತ ಗದ್ಗದ ಆದ್ರು. ಆಮೇಲಿನ ವರ್ಷ ಉಲ್ಲೇಖಗಳಿಗೆ ಪುಟದ ಸಂಖ್ಯೆಯೂ ಅಂಟಿಕೊಂಡಿತು. ‘ಪರಂಪರೆಯ ಆಳವಾದ ಬಿರುಕಿನ ಬಗ್ಗೆ ಇಂಥಾ ಪುಟ ನೋಡಿ’ ಅಂತ ಒಬ್ರು ಬರೆದ್ರು. ಆ ಪುಟ ತೆಗೆದ್ರೆ, ಹಿಟ್ಟು ಗಂಟಾಗದ ಹಾಗೆ ಕೈ ಬಿಡದೆ ತಿರುವಿ ಅಂತಿದೆ.

ಆದ್ರೆ ಒಂದು ದಿನ, ಕಣ್ಣಿಗೊತ್ತಿಕೊಂಡಿದ್ರಲ್ಲ, ಅದೇ ಪಂಡಿತರು ನೆಲಮಾಳಿಗೆಯ ಬಾಗಿಲಲ್ಲಿ ನಿಂತಿದ್ರು. ಬಗಲಲ್ಲಿ ಚೀಲ, ಚೀಲದಿಂದ ನೀರು ತೊಟ್ಟಿಕ್ತಿದೆ. ಮನೆಯಲ್ಲಿ ನಲ್ಲಿ ಪೈಪು ಒಡೆದು ಅವರ ಪುಸ್ತಕವೆಲ್ಲ ನೆನೆದುಹೋಗಿತ್ತು. ಅಳೋದೊಂದು ಬಾಕಿ.

“ನೆನೆದದ್ದನ್ನ ಒಣಗಿಸೋ ಪುಟ ಓದಿದೆ ತಾಯಿ. ಹಾಳೆ ಮಧ್ಯೆ ಬಿಳಿ ಕಾಗದ ಇಡಬೇಕು ಅನ್ನೋವರೆಗೆ ಅರ್ಥ ಆಯ್ತು. ಆಮೇಲೆ ಭಾರ ಯಾವಾಗ ಹೇರಬೇಕು?”

ಅಂಟಕ್ಕ ಅವರ ಕೋಟು ಬಿಚ್ಚಿಸಿದ್ಲು, ತೋಳು ಮಡಚಿಸಿದ್ಲು, ಕೈಗೆ ಬಿಳಿ ಕಾಗದದ ಕಟ್ಟು ಕೊಟ್ಲು. ಊಟಕ್ಕೆ ಕರೆಯೋಕೆ ಬಂದ ಎಣಿಕೆಯಣ್ಣ ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿದ.

ಮನೆಗೆ ಬಂದು ಚಪ್ಪಲಿ ಬಿಡ್ತಾನೇ, “ಅಮ್ಮಾ, ಒಬ್ರು ಓದಿದ್ದಾರೆ,” ಅಂದ.

“ಓದಿದ್ದು ಕಾಣಲ್ಲ ಅಂತಿದ್ದೆ?”

“ಇವತ್ತು ಕಾಣ್ತು.”

“ಲೆಕ್ಕಕ್ಕೆ ಸೇರಿಸಿದ್ಯಾ ಹಾಗಾದ್ರೆ?”

“ಇಲ್ಲಮ್ಮ,” ಅಂದ ಅವನು. ನಕ್ಕ. “ಅದಕ್ಕೆ ಅಲ್ಲಿ ಜಾಗ ಇಲ್ಲ.”