ಸುನಂದಾ ಟೀಚರ್ ಹೇಳಿದ ಅರ್ಥ

ಸುನಂದಾ ಟೀಚರ್ ಟೀವಿಗೆ ಬೆನ್ನು ತಿರುಗಿಸಿ ನಿಂತು ಸಿನಿಮಾ ನೋಡುತ್ತಿದ್ದರು. ನೋಡುತ್ತಿದ್ದರು ಅನ್ನುವುದೂ ತಪ್ಪು, ಕೇಳುತ್ತಿದ್ದರು. ಎಂಬತ್ತರ ದಶಕದ ಮಾತು. ರಾಜಾಜಿನಗರದ ನಮ್ಮ ವಠಾರದ ಎಂಟು ಮನೆಗಳಿಗೆ ಇದ್ದದ್ದು ನಮ್ಮದೊಂದೇ ಟೀವಿ. ಭಾನುವಾರ ಸಂಜೆಯ ಹಿಂದಿ ಚಿತ್ರಕ್ಕೆ ಎಲ್ಲರೂ ನಮ್ಮ ನಡುಮನೆಯಲ್ಲಿ ಸೇರುತ್ತಿದ್ದರು. ಹಿಂದಿ ಬರುತ್ತಿದ್ದದ್ದು ಹೈಸ್ಕೂಲಿನಲ್ಲಿ ಅದನ್ನೇ ಕಲಿಸುತ್ತಿದ್ದ ಟೀಚರಿಗೆ ಮಾತ್ರ. "ಚಿತ್ರ ನೀವು ನೋಡಿ, ಮಾತು ನಾನು ನೋಡ್ಕೋತೀನಿ" ಎಂದು ಗಂಜಿ ಹಾಕಿದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಮ್ಮತ್ತ ಮುಖ ಮಾಡಿ ನಿಂತು, ಪ್ರತಿ ಮಾತಿಗೂ ಕನ್ನಡ ಹೇಳುವರು.

ಬಿಡುವುದು, ಮುಚ್ಚುವುದು ಅವರಿಗೆ ಗೊತ್ತಿರಲಿಲ್ಲ. ಒಮ್ಮೆ ಖಳನ ಬೈಗುಳವನ್ನೂ ಅದೇ ಪಾಠದ ದನಿಯಲ್ಲಿ ಕನ್ನಡಕ್ಕೆ ತಂದಾಗ ಹಿರಿಯರೆಲ್ಲ ಕೆಮ್ಮತೊಡಗಿದರು. ಅಂಥದ್ದನ್ನು ಬಿಟ್ಟುಬಿಡಬಾರದೇ ಎಂದು ಅಮ್ಮ ಕೇಳಿದ್ದಕ್ಕೆ, "ಅರ್ಧ ಅರ್ಥ ಹೇಳಿದ್ರೆ ಸುಳ್ಳು ಹೇಳ್ದಂಗೇ ಅಲ್ವಾ?" ಎಂದಿದ್ದರು.

ಹೀಗೆ ಜನರತ್ತ ಮುಖ ಮಾಡಿ ನಿಲ್ಲುತ್ತಿದ್ದುದರಿಂದಲೇ, ನನ್ನ ಕಣ್ಣು ಪದೇಪದೇ ಬಾಗಿಲ ಕಡೆ ಹೋಗುವುದು ಮೊದಲು ಕಂಡದ್ದು ಅವರಿಗೆ. ಬಾಗಿಲ ಬಳಿ ನಾಗರಾಜ ನಿಂತಿರುತ್ತಿದ್ದ. ಕಾರ್ಖಾನೆಯಲ್ಲಿ ಲೇತ್ ಕೆಲಸಗಾರ. ಅವನ ತಾಯಿ ಪುಟ್ಟಮ್ಮ ನಮ್ಮ ಮನೆಯ ಪಾತ್ರೆ ತೊಳೆಯುತ್ತಿದ್ದರು; ವಠಾರದ ಕೊನೆಯ ಮನೆ ಅವರದು. ನಾನು ವಠಾರದ ಯಜಮಾನರ ಮಗಳು. ಜಾತಿಯೂ ಬೇರೆ. ಟೀಚರ್ ಯಾರಿಗೂ ಏನೂ ಹೇಳಲಿಲ್ಲ.

ಅಪ್ಪನಿಗೆ ಹೇಳಿದವರು ಬೇರೆ ಯಾರೋ. ಒಂದು ಭಾನುವಾರ ಮಧ್ಯಾಹ್ನ, ನಮ್ಮಿಬ್ಬರನ್ನು ಬಸ್ ಸ್ಟಾಪಿನಲ್ಲಿ ಕಂಡೆವೆಂದು. ಅಪ್ಪ ನನ್ನನ್ನು ಏನೂ ಕೇಳಲಿಲ್ಲ, ಊಟಕ್ಕೂ ಏಳಲಿಲ್ಲ. ಸಂಜೆ ಮಾತ್ರ ಎಂದಿನಂತೆ ಬೆತ್ತದ ಕುರ್ಚಿಯಲ್ಲಿ ಬಂದು ಕೂತರು. ಅಂದಿನದು ಹತ್ತು ಹನ್ನೆರಡು ಹಾಡುಗಳ ಹಳೆಯ ಚಿತ್ರ. ರಾಜಕುಮಾರ ಕುಂಬಾರರ ಹುಡುಗಿಯನ್ನು ಮೆಚ್ಚುತ್ತಾನೆ. ಹಾಡುಗಳಿಗೆ ಎಲ್ಲರೂ ತಲೆದೂಗುತ್ತಿದ್ದರು.

ಹುಡುಗಿಯನ್ನು ಆಸ್ಥಾನಕ್ಕೆ ಎಳೆತಂದರು. ರಾಜ ಸಿಂಹಾಸನದಿಂದೆದ್ದು ಕೂಗಿದ. ಟೀಚರ್ ಸುಮ್ಮನಿದ್ದರು. ಅವರು ಸುಮ್ಮನಾದದ್ದು ಅದೇ ಮೊದಲು.

"ಏನಂದ, ಟೀಚರ್?" ಅಪ್ಪ ಕೇಳಿದರು. ಕಣ್ಣು ಪುಟ್ಟಮ್ಮನ ಮೇಲಿತ್ತು.

"ನಂಗೆ ಭಯ ಆಗ್ತಿದೆ ಅಂತಿದಾನೆ."

"ಅಷ್ಟು ಕಿರುಚಿದ್ದು ಭಯ ಅಂತಲಾ?"

"ಭಯ ಇರೋರೇ ಕಿರುಚೋದು, ಯಜಮಾನ್ರೆ."

ಅಪ್ಪ ಎದ್ದು ಟೀವಿ ಆರಿಸಿದರು. ಹೊರಡಲು ಎದ್ದ ಜನರ ನಡುವೆಯೇ ಪುಟ್ಟಮ್ಮನಿಗೆ, ಈ ವಾರದೊಳಗೆ ಮನೆ ಖಾಲಿ ಮಾಡು ಎಂದರು. ಪುಟ್ಟಮ್ಮ ಯಾಕೆಂದು ಕೇಳಿದರು, ಅಪ್ಪ ಕುರ್ಚಿಯನ್ನು ಗೋಡೆಗೆ ಸರಿಸಿದರು. ನಾಗರಾಜ ಒಮ್ಮೆ ನನ್ನತ್ತ ನೋಡಿ ತಾಯಿಯ ಕೈ ಹಿಡಿದು ನಡೆದ. ನಾನು ನೆಲ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಟೀಚರನ್ನು ಹಿಡಿದುಕೊಂಡು ಅತ್ತೆ. ಅವರ ಮಾತೆಂದರೆ ಅಪ್ಪನಿಗೆ ಗೌರವ, ಅವರೇ ಹೇಳಬೇಕು ಎಂದು ಬೇಡಿದೆ. ಅವರು ಕೊಡ ಕೆಳಗಿಟ್ಟರು.

"ನಿನ್ನೆ ನಾನೇ ಸುಳ್ಳು ಹೇಳ್ದೆ ಗಿರಿಜಾ. ಆ ಹುಡುಗೀನ ಊರಾಚೆ ಅಟ್ಟಿ ಅಂದ ರಾಜ. ಹೇಳೋಕೆ ನಾಲಿಗೆ ಏಳ್ಲಿಲ್ಲ." ಸೆರಗಿಗೆ ಕೈ ಒರೆಸಿಕೊಂಡು, "ಆಡಿದ ಮಾತಿಗೆ ಅರ್ಥ ಹೇಳ್ಬಹುದು. ನೀನು ಬಾಯೇ ಬಿಡ್ದಿದ್ರೆ ನಾನು ಯಾವುದಕ್ಕೆ ಅರ್ಥ ಹೇಳ್ಲಿ?" ಎಂದರು.

ಅವರ ಮೇಲೆ ಸಿಟ್ಟು ಬಂತು. ಮೂರು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ನಾಲ್ಕನೆಯ ದಿನ ತಳ್ಳುಗಾಡಿ ಬಂತು. ಪುಟ್ಟಮ್ಮ ಪಾತ್ರೆ, ಹಾಸಿಗೆ ಹೊರಗಿಡುತ್ತಿದ್ದರು. ಅಪ್ಪ ಜಗಲಿಯ ಮೇಲೆ ನಿಂತಿದ್ದರು. ವಠಾರದ ಎಲ್ಲ ಬಾಗಿಲೂ ತೆರೆದಿದ್ದವು. ಹೇಗೆ ಮೆಟ್ಟಿಲಿಳಿದೆನೋ ಗೊತ್ತಿಲ್ಲ.

"ಅಪ್ಪಾ, ಅವರದೇನೂ ತಪ್ಪಿಲ್ಲ. ನಾಗರಾಜನ್ನ ಇಷ್ಟಪಟ್ಟಿದ್ದು ನಾನು. ಮದುವೆ ಅಂತಾದ್ರೆ ಅವನನ್ನೇ."

ಅಪ್ಪನ ಕೈ ಮೇಲೆದ್ದಿತು. ಎದುರು ಮನೆಯ ಹೊಸ್ತಿಲಲ್ಲಿ ಟೀಚರ್ ಶಾಲೆಯ ಬ್ಯಾಗು ಹಿಡಿದು ನಿಂತಿದ್ದರು. ಅಪ್ಪ ಯಾಕೋ ಅವರತ್ತ ತಿರುಗಿದರು.

"ಇದಕ್ಕೆ ನನ್ನ ಅರ್ಥ ಬೇಕಿಲ್ಲ ಯಜಮಾನ್ರೆ," ಎಂದರು ಟೀಚರ್. "ಕನ್ನಡದಲ್ಲೇ ಹೇಳಿದಾಳೆ."

ಕೈ ಕೆಳಗಿಳಿಯಿತು. ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆದರೆ ಗಾಡಿಯನ್ನು ನಿಲ್ಲಿಸಲಿಲ್ಲ. ಪುಟ್ಟಮ್ಮನವರ ಸಂಸಾರ ಊರಾಚೆಯ ಹೇರೋಹಳ್ಳಿಗೆ ಹೋಯಿತು.

ಆರು ತಿಂಗಳ ಮೇಲೆ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಮದುವೆಯಾಯಿತು. ಅಪ್ಪ ಬರಲಿಲ್ಲ. ಸಾಕ್ಷಿ ಹಾಕಿದವರು ಟೀಚರ್. ಊಟಕ್ಕೆ ಕರೆದರೆ, ಎರಡು ಗಂಟೆಗೆ ಒಂಬತ್ತನೇ ತರಗತಿ ಇದೆ ಎಂದು ಗಡಿಯಾರ ನೋಡಿಕೊಂಡು ಬಸ್ಸಿಗೆ ನಡೆದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಬೇಸಿಗೆಯಲ್ಲಿ ಅವರಿಗೆ ದೂರದ ಊರಿಗೆ ವರ್ಗವಾಯಿತು. ಎರಡು ಕಾಗದ ಬರೆದರು. ನನ್ನ ಮೂರನೆಯ ಕಾಗದಕ್ಕೆ ಉತ್ತರ ಬರೆದದ್ದು ಅವರ ತಂಗಿ. ಟೀಚರ್ ತೀರಿಕೊಂಡು ತಿಂಗಳಾಗಿತ್ತು.

ಮಗಳಿಗೆ ಒಂದು ವರ್ಷ ತುಂಬಿದಾಗ ಅಪ್ಪ ಮೊದಲ ಸಲ ಹೇರೋಹಳ್ಳಿಗೆ ಬಂದರು. ಮಗುವನ್ನು ಎತ್ತಿಕೊಂಡು, ಟೀಚರ ವಿಳಾಸವಿದೆಯೇ ಎಂದು ಕೇಳಿದರು. ಅವರು ತೀರಿಕೊಂಡದ್ದನ್ನು ಹೇಳಿದೆ. ಅಪ್ಪ ಮಗುವನ್ನು ನನ್ನ ಕೈಗಿತ್ತು ಕೂತರು.

"ಅವರ ಹತ್ರ ಒಂದು ಮಾತು ಆಡ್ಬೇಕಿತ್ತು," ಎಂದರು ಕೊನೆಗೆ. ಏನು ಮಾತೆಂದು ನಾನು ಕೇಳಲಿಲ್ಲ.

ಮುಂದಿದ್ದ ಕಾಫಿ ಆರಿತ್ತು. ನನ್ನ ಅತ್ತೆ ಪುಟ್ಟಮ್ಮನವರು ಒಳಗಿನಿಂದ ಇನ್ನೊಂದು ಲೋಟ ತಂದರು. ಅಪ್ಪ ಎದ್ದು ನಿಂತು ಅದನ್ನು ತೆಗೆದುಕೊಂಡರು.